ಅತ್ತಿಗೆಯ ಹಳೇ ಬ್ರಾಂಚ್

ನಮ್ಮ ಅತ್ತಿಗೆಯ ಕಣ್ಣಿಗೆ ಬಿದ್ದ ಹಳೆಯ ಸಾಮಾನು ಉಳಿದದ್ದುಂಟೇ! ಮುಚ್ಚಳ ಕಳೆದುಕೊಂಡ ಡಬ್ಬಿ, ಅಣ್ಣನ ಹೊಟ್ಟೆಗೆ ಸಾಲದ ಪ್ಯಾಂಟು, ಯಾವುದಕ್ಕೂ ದಯೆ ಇಲ್ಲ. ಆಫೀಸಿನಲ್ಲೂ ಅವರೇ ನಮ್ಮ ತಂಡದ ಮುಖ್ಯಸ್ಥೆ. ಅವರ ಕೈಕೆಳಗೆ ದುಡಿಯುವ ಮೈದುನ ನಾನು. ನನ್ನ ಪಾಡು ಕೇಳಬೇಡಿ.

ನಾವು ಮಾಡುವುದು ಆಸ್ಪತ್ರೆಯ ರಿಪೋರ್ಟುಗಳನ್ನು ಫೋನಿನಲ್ಲಿ ತೋರಿಸುವ ಆ್ಯಪ್. ಹೊಸದೇನಾದರೂ ಸೇರಿಸಬೇಕಾದರೆ ಮೂಲಕ್ಕೆ ಕೈ ಹಚ್ಚದೆ, ಬ್ರಾಂಚ್ ಅಂತ ಬೇರೆ ಪ್ರತಿ ತೆಗೆದು ಕೆಲಸ ಮಾಡುತ್ತೇವೆ. ಮುಗಿದರೆ ಮೂಲಕ್ಕೆ ಸೇರಿಸಬೇಕು, ಬೇಡವಾದರೆ ಅಳಿಸಬೇಕು. ನಾವೋ ಎರಡನ್ನೂ ಮಾಡದೆ ಮರೆತುಬಿಡುವ ಪೈಕಿ. ಅದಕ್ಕೇ ವರ್ಷಕ್ಕೊಮ್ಮೆ ಅತ್ತಿಗೆ ಟೊಂಕ ಕಟ್ಟಿ ನಿಲ್ಲುತ್ತಾರೆ. ಗೋಡೆಯ ಪರದೆಯ ಮೇಲೆ ಒಂದೊಂದೇ ಬ್ರಾಂಚ್ ತೋರಿಸಿ, "ಒಳಗೇನಿದೆ, ಒಂದೇ ಮಾತಲ್ಲಿ ಹೇಳಿ" ಎನ್ನುತ್ತಾರೆ. ಬರೆದವರು ತಡವರಿಸಿದರೆ ಬ್ರಾಂಚ್ ಢಮಾರ್.

ಈ ಸಲ ನನ್ನವೆಲ್ಲ ಹೋದವು. ಹೊಟ್ಟೆ ಉರಿಯುತ್ತಿತ್ತು. ಆಗ ಪರದೆಯ ತಳದಲ್ಲಿ, ಎಲ್ಲಕ್ಕಿಂತ ಹಳೆಯದೊಂದು ಕಂಡಿತು. ಅತ್ತಿಗೆ ಅದನ್ನು ಬಿಟ್ಟು ಪರದೆ ಆರಿಸಹೊರಟರು.

"ಮೇಡಂ, ಅದು ಯಾರದು?" ಎಂದೆ. ಆಫೀಸಿನಲ್ಲಿ ಅತ್ತಿಗೆ ಎನ್ನುವಂತಿಲ್ಲ.

"ನಂದು."

"ಒಳಗೇನಿದೆ, ಒಂದೇ ಮಾತಲ್ಲಿ ಹೇಳಿ."

ತಂಡವೆಲ್ಲ ಮುಸಿಮುಸಿ ನಕ್ಕಿತು. ಅತ್ತಿಗೆ ತಡವರಿಸಲಿಲ್ಲ. "ದೊಡ್ಡ ಅಕ್ಷರ. ಕಣ್ಣು ಮಂಜಾದೋರು ತಮ್ಮ ರಿಪೋರ್ಟ್ ತಾವೇ ಓದ್ಕೊಳ್ಳಲಿ ಅಂತ. ನಮ್ಮತ್ತೆಗೋಸ್ಕರ ಶುರು ಮಾಡಿದ್ದೆ."

ಅವರ ಅತ್ತೆ ಎಂದರೆ ನನ್ನಮ್ಮ. ಪ್ರತಿ ರಿಪೋರ್ಟನ್ನೂ ಅಣ್ಣ ಬಂದು ಓದಿ ಹೇಳುವವರೆಗೆ ಫೋನು ಹಿಡಿದು ಕಾಯುವವಳು. ನನ್ನ ನಗು ನಿಂತಿತು.

"ಅರ್ಧಕ್ಕೆ ಯಾಕ್ ಬಿಟ್ರಿ?"

"ನಾಳೆ ಮಾಡೋಣ ಅಂತ. ನಾಳೆ ಅಂದೋರ ಮನೆ ಹಾಳು." ಅತ್ತಿಗೆ ಕುರ್ಚಿ ಎಳೆದುಕೊಂಡರು. "ಶುಕ್ರವಾರದೊಳಗೆ ಮುಗಿಸ್ತೀನಿ. ಆಗ್ಲಿಲ್ಲಾ ಅಂದ್ರೆ ನೀನೇ ಅಳಿಸು."

ಅಷ್ಟು ಹಳೆಯ ಪ್ರತಿಯನ್ನು ಈಗಿನ ಮೂಲಕ್ಕೆ ಹೊಂದಿಸುವುದು ಹುಡುಗಾಟವಲ್ಲ. ಹಳೆಯ ಸಾಲಿಗೂ ಹೊಸ ಸಾಲಿಗೂ ಪರದೆ ತುಂಬ ತಕರಾರು. ಅತ್ತಿಗೆ ಒಂದೊಂದನ್ನೇ ಬಿಡಿಸಿದರು. "ನಾನು ಮಾಡ್ದೆ ಇನ್ಯಾರು ಮಾಡ್ತಾರೆ?" ಎನ್ನುವ ಗತ್ತು ಬೇರೆ. ಗುರುವಾರವೇ ಕೆಲಸ ಮೂಲಕ್ಕೆ ಸೇರಿತು.

ಮುಂದಿನ ವಾರ ಅದು ಅಮ್ಮನ ಫೋನಿಗೂ ಬಂತು. ಅಡುಗೆಮನೆಯ ಕಿಟಕಿ ಬಳಿ ನಿಂತು, ಬೆರಳಿನಿಂದ ಸರಿಸುತ್ತ, ಹೋದ ಸಲದ ರಿಪೋರ್ಟನ್ನು ತುಟಿಯಲ್ಲೇ ಕೊನೆಯ ಸಾಲಿನವರೆಗೂ ಓದಿದಳು. ಆಮೇಲೆ ಅಣ್ಣನತ್ತ ತಿರುಗಿದಳು.

"ಎಲ್ಲಾ ಸರಿಯಾಗಿದೆ ಅಂದ್ಯಲ್ಲೋ. ಇಲ್ಲಿ ಸಕ್ಕರೆ ಜಾಸ್ತಿ ಅಂತಿದೆ."

ಅಣ್ಣನ ಮುಖ ಹುಳ್ಳಗಾಯಿತು. "ನೀನು ಹೆದರ್ಕೋತೀಯ ಅಂತ, ಅಮ್ಮ…"

"ಹೆದರೋದು ಬಿಡೋದು ನನ್ನಿಷ್ಟ," ಎಂದ ಅಮ್ಮ, ಸೊಸೆಯನ್ನು ಕರೆದಳು. "ಹಳೇ ರಿಪೋರ್ಟೆಲ್ಲಾ ತೆಗೆದುಕೊಡಮ್ಮ. ಒಂದೊಂದಾಗಿ ನಾನೇ ಓದ್ತೀನಿ."