ಅಪ್ಪನ ಹೆಸರಿನ ಕಾಯಿಗಳು

ನಿಮಗೆ ನೀವೇ ಅಂಕ ಹಾಕಿಕೊಳ್ಳಿ ಎಂದರೆ ಯಾರು ತಾನೇ ಕೈ ಬಿಗಿ ಹಿಡಿಯುತ್ತಾರೆ? ನಾನಂತೂ ಹಿಡಿಯಲಿಲ್ಲ. ಎಂಬತ್ತರ ದಶಕದ ನಡುವಿನ ಮಾತು. ಅಂಗನವಾಡಿ ಕೆಲಸಕ್ಕೆ ಆಯ್ಕೆಯಾಗಿ ಕೋಲಾರದಲ್ಲಿ ತರಬೇತಿಗೆ ಸೇರಿದ್ದೆ. ಮೊದಲ ವಾರವೇ ಸೈಕ್ಲೋಸ್ಟೈಲ್ ಮಾಡಿದ ಒಂದು ಹಾಳೆಯನ್ನು ಎಲ್ಲರ ಕೈಗೂ ಕೊಟ್ಟರು. ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುತ್ತೀರಾ, ತೆಗೆದ ವಸ್ತುವನ್ನು ಅದೇ ಜಾಗದಲ್ಲಿ ಇಡುತ್ತೀರಾ, ಸಿಟ್ಟು ಬಂದರೆ ತಡೆದುಕೊಳ್ಳುತ್ತೀರಾ, ಮಾಡುವ ಕೆಲಸದ ಮೇಲೆ ಗಮನ ಇರುತ್ತದೆಯೇ, ಹೀಗೆ ಪ್ರಶ್ನೆಗಳು. ಒಂದೊಂದಕ್ಕೂ ಐದರಲ್ಲಿ ಅಂಕ ನಾವೇ ಕೊಟ್ಟುಕೊಳ್ಳಬೇಕು. ಸಿಟ್ಟಿನ ಪ್ರಶ್ನೆಗೆ ಮೂರು ಕೊಟ್ಟುಕೊಂಡೆ. ಅದು ಧಾರಾಳವಾಯಿತು ಎಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಗಮನಕ್ಕೆ ಮಾತ್ರ ಎರಡು ಯೋಚನೆ ಇಲ್ಲದೆ ಐದಕ್ಕೆ ಐದು ಬರೆದೆ.

ಕೊನೆಯಲ್ಲಿ ಇನ್ನೊಂದು ಪ್ರಶ್ನೆಯಿತ್ತು. ನಿಮಗೆ ತಿಳಿದವರೊಬ್ಬರ ಅಚ್ಚುಕಟ್ಟಿಲ್ಲದ ಕೆಲಸಕ್ಕೆ ಉದಾಹರಣೆ ಕೊಡಿ ಎಂದು. ಪಕ್ಕದವರು ಪೆನ್ನು ಕಚ್ಚುತ್ತಾ ಕೂತಿದ್ದಾಗ ನಾನು ಸರಸರ ಬರೆದುಬಿಟ್ಟೆ: ‘ನಮ್ಮ ತಂದೆಯವರು. ಟೊಮೇಟೊ ಬಿಡಿಸಲು ಕಳಿಸಿದರೆ ಹಣ್ಣನ್ನು ಗಿಡದಲ್ಲೇ ಬಿಟ್ಟು ಕಾಯಿ ಕಿತ್ತು ತರುತ್ತಾರೆ. ಎಷ್ಟು ವರ್ಷದಿಂದ ಹೇಳಿದರೂ ತಿದ್ದಿಕೊಂಡಿಲ್ಲ.’ ಬರೆದು ಮುಗಿಸಿ ಎಲ್ಲರಿಗಿಂತ ಮೊದಲು ಹಾಳೆ ಕೊಟ್ಟು ಬಂದೆ.

ನಮ್ಮದು ಯಲ್ದೂರಿನಿಂದ ನಡೆದು ಹೋಗುವಷ್ಟು ದೂರದ ಹಳ್ಳಿ. ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ, ಬಾವಿಯ ಕೆಳಗೆ ಟೊಮೇಟೊ. ಮನೆ, ಹೊಲ ಎರಡನ್ನೂ ನಡೆಸುತ್ತಿದ್ದವಳು ಅಮ್ಮ. ಅಮ್ಮ ಅಪ್ಪನ ಸ್ವಂತ ಅಕ್ಕನ ಮಗಳು. ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವುದು ಕೇಳಿ ಪಡೆಯುವ ವಿಷಯವೇ ಅಲ್ಲ, ಹಕ್ಕು. ಹುಟ್ಟಿದಾಗಿನಿಂದ ಅಪ್ಪನನ್ನು ಮಾಮ ಎಂದು ಕರೆದವಳು ತಾಳಿ ಕಟ್ಟಿಸಿಕೊಂಡ ಮೇಲೂ ಹಾಗೇ ಕರೆಯುತ್ತಿದ್ದಳು. ಅವಳು ಕನ್ನಡದಲ್ಲಿ ಬೈದರೆ ಮಾಮೂಲು. ತೆಲುಗಿಗೆ ತಿರುಗಿದಳೋ, ನಾವೆಲ್ಲ ಜಾಗ ಖಾಲಿ ಮಾಡುತ್ತಿದ್ದೆವು. ಉಪ್ಪಿನ ಮಡಕೆಯಿಂದ ಹಿಡಿದು ಎತ್ತಿನ ಹಗ್ಗದವರೆಗೆ ಎಲ್ಲಕ್ಕೂ ಅವಳ ಕೈಯಲ್ಲಿ ಒಂದು ಜಾಗವಿತ್ತು, ಒಂದು ಹೊತ್ತಿತ್ತು.

ಟೊಮೇಟೊ ಬಿಡಿಸುವ ದಿನ ಬೆಳಗ್ಗೆಯೇ ಕೂಲಿ ಹೆಂಗಸರ ಜೊತೆ ನಾನೂ ಸಾಲಿಗೆ ಇಳಿಯುತ್ತಿದ್ದೆ. ಏಳೆಂಟು ವರ್ಷದವಳಿದ್ದಾಗಿನಿಂದ ನನಗೆ ಬೇರೆ ಒಂದು ಬಿದಿರಿನ ಮಂಕರಿ. ಕೆಂಪು ಹಣ್ಣು ಶ್ರೀನಿವಾಸಪುರದ ಸಂತೆಗೆ, ಆಗಷ್ಟೇ ಬಣ್ಣ ತಿರುಗಿದ ದೋರೆಗಾಯಿ ದೂರದ ಊರಿಗೆ ಹೋಗುವ ಲಾರಿಗೆ. ಹಸಿರು ಕಾಯಿಯನ್ನು ಮುಟ್ಟಲೇಬಾರದು. ಬಾವಿಯ ಪಕ್ಕ ಗೋಣಿತಾಟು ಹಾಸಿಕೊಂಡು ಕೂತ ಅಮ್ಮ ಒಂದೊಂದೇ ಮಂಕರಿ ಸುರಿದು ನೋಡುತ್ತಿದ್ದಳು. ಅಪ್ಪ ಬಿಡಿಸಿದ್ದರಲ್ಲಿ ಅರ್ಧಕ್ಕರ್ಧ ಕಾಯಿ. ಕೊನೆಗೆ ಅಮ್ಮ ಅವನನ್ನು ಸಾಲಿಗೇ ಬಿಡಲಿಲ್ಲ. ನೀರು ಕಟ್ಟು, ಮಂಕರಿ ಹೊರು, ಅಷ್ಟೇ ಸಾಕು ಎಂದಳು.

ಅಪ್ಪ ಬೇರೆಯವರ ಮಂಕರಿ ಹೊತ್ತನೋ ಬಿಟ್ಟನೋ, ನನ್ನದನ್ನು ಮಾತ್ರ ತಪ್ಪದೆ ಬಂದು ಹೊರುತ್ತಿದ್ದ. ಸಾಲಿನ ಕೊನೆಯಲ್ಲಿ ಕಾದು ನಿಂತಿರುತ್ತಿದ್ದ. ಅಮ್ಮ ಅದನ್ನು ಸುರಿದಳೆಂದರೆ ಹಣ್ಣಿನ ನಡುವೆ ಗಟ್ಟಿ ಕಾಯಿಗಳು ಉರುಳುತ್ತಿದ್ದವು. ಅಮ್ಮನ ಮುಖ ಮೇಲೇಳುವ ಮೊದಲೇ ಅಪ್ಪ ಬಾಯಿ ಬಿಡುತ್ತಿದ್ದ.

“ಅವು ನನ್ನವು ಕಣೇ. ಬರ್ತಾ ದಾರೀಲಿ ನಾಕು ಬಿಡಿಸಿ ಹಾಕ್ದೆ.”

ಆಮೇಲೆ ಅಮ್ಮನ ಪಾಠ ಶುರುವಾಗುತ್ತಿತ್ತು. ಕಣ್ಣು ಎಲ್ಲಿಟ್ಟುಕೊಂಡಿದ್ದೆ ಮಾಮ, ಮೈಮೇಲೆ ಎಚ್ಚರ ಬೇಡವಾ, ಮಗಳನ್ನು ನೋಡಿ ಕಲಿಯಬಾರದಾ ಎಂದು. ಕೂಲಿ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಬೆನ್ನು ಬಗ್ಗಿಸಿ ನೋಡಿ ನೋಡಿ ಬಿಡಿಸಿದವಳು ನಾನು, ಅದನ್ನು ಕೆಡಿಸುವವನು ಇವನು. ಹೈಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ಒಂದು ದಿನ ತಡೆಯಲಾರದೆ ಎಲ್ಲರ ಎದುರೇ ಕೂಗಾಡಿದೆ. ನನ್ನ ಮಂಕರಿ ಮುಟ್ಟಬೇಡ, ನಿನ್ನ ಎಡವಟ್ಟನ್ನೆಲ್ಲ ನನ್ನ ಕೆಲಸಕ್ಕೆ ಬೆರೆಸಬೇಡ ಎಂದೆ. ಅಪ್ಪ ಟವೆಲನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡ, ಮಂಕರಿ ಎತ್ತಿಕೊಂಡು ನಡೆದ. ಅಮ್ಮ ನನ್ನ ಪರವಾಗಿಯೇ ಇದ್ದಳು. ಮಗಳು ನನ್ನ ಹಾಗೇ ಅಚ್ಚುಕಟ್ಟು ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು, ನಾನೂ ನಂಬಿದ್ದೆ. ಕೆಲಸದ ಆರ್ಡರು ಬಂದಾಗ ಅಮ್ಮ ನನ್ನನ್ನು ಕುರುಡುಮಲೆಗೆ ಕರೆದುಕೊಂಡು ಹೋಗಿ ಗಣಪನಿಗೆ ಕಾಯಿ ಒಡೆಸಿದ್ದಳು.

ಇನ್ನು ತರಬೇತಿಗೆ ಬರುತ್ತೇನೆ. ಮಕ್ಕಳಿಗೆ ಊಟ ಸಾಲುತ್ತಿದೆಯೋ ಇಲ್ಲವೋ ತಿಳಿಯಲು ತೋಳಿನ ಸುತ್ತಳತೆ ನೋಡುವ ಪಟ್ಟಿಯೊಂದಿದೆ. ಆಗೆಲ್ಲ ಹಳೆಯ ಎಕ್ಸ್‌ರೇ ಫಿಲ್ಮನ್ನು ತೊಳೆದು, ಉದ್ದಕ್ಕೆ ಕತ್ತರಿಸಿ, ನಾವೇ ಬಣ್ಣ ಹಚ್ಚಿ ಮಾಡಿಕೊಳ್ಳಬೇಕಿತ್ತು. ತೆಳು ತೋಳಿನ ಅಳತೆ ಬರುವ ಕಡೆ ಕೆಂಪು, ನಡುವೆ ಹಳದಿ, ಆಚೆಗೆ ಹಸಿರು. ಕೆಂಪಿಗೆ ಬಂತೆಂದರೆ ಮಗು ಅಪಾಯದಲ್ಲಿದೆ ಎಂದರ್ಥ. ಬಣ್ಣಗಳನ್ನು ತೆಂಗಿನ ಚಿಪ್ಪುಗಳಿಗೆ ಸುರಿದು ನಡುವೆ ಇಟ್ಟಿದ್ದರು. ಎಲ್ಲರಿಗಿಂತ ಮೊದಲು ಮುಗಿಸಿ, ಪಟ್ಟಿಯ ಹಿಂಬದಿಗೆ ನನ್ನ ಹೆಸರಿನ ಅಕ್ಷರ ಗೀಚಿ, ಪಕ್ಕದವಳ ವಕ್ರ ಅಂಚನ್ನು ಸರಿಯಾಗಿ ಕತ್ತರಿಸಿಕೊಟ್ಟು ಬೀಗಿದ್ದೆ.

ಮರುದಿನ ಪಟ್ಟಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಹತ್ತಿರದ ಬೀದಿಯ ಮಕ್ಕಳನ್ನು ಅಳೆಯಲು ಹೊರಟೆವು. ನನ್ನ ಪಟ್ಟಿ ಬೇರೊಬ್ಬಳ ಕೈಗೆ ಸಿಕ್ಕಿತ್ತು. ಅವಳು ಒಂದು ಹೆಣ್ಣು ಮಗುವಿನ ತೋಳಿಗೆ ಸುತ್ತಿ, ಹಸಿರಿಗೆ ಬಂದಿದೆ, ಚೆನ್ನಾಗಿದ್ದಾಳೆ ಎಂದು ಆ ತಾಯಿಗೆ ಹೇಳಿ ಮುಂದಿನ ಮನೆಗೆ ಹೋದಳು. ಹಿಂದೆ ಬಂದ ನಮ್ಮ ಶಿಕ್ಷಕಿಗೆ ಆ ಮಗುವಿನ ಕಡ್ಡಿಯಂಥ ತೋಳು ಕಂಡಿತು. ಪಟ್ಟಿ ಕಿತ್ತುಕೊಂಡು ತಿರುಗಿಸಿ ನೋಡಿದರು. ನನ್ನ ಅಕ್ಷರ.

ಎಲ್ಲರನ್ನೂ ನಿಲ್ಲಿಸಿ, ಕೆಂಪಿರಬೇಕಾದ ಕಡೆಯ ಹಸಿರಿನ ಮೇಲೆ ಬೆರಳಿಟ್ಟು, ಇದು ಯಾವ ಬಣ್ಣ ಎಂದು ನನ್ನನ್ನು ಕೇಳಿದರು. ಕೆಂಪು ಎಂದೆ. ಮತ್ತೆ ಕೇಳಿದರು. ಕೆಂಪೇ ಎಂದೆ. ಯಾರೋ ಕಿಸಕ್ಕನೆ ನಕ್ಕರು. ಎಲ್ಲರೂ ಸೇರಿ ನನ್ನನ್ನು ಆಡಿಸುತ್ತಿದ್ದಾರೆ ಎಂದುಕೊಂಡು ನಾನು ದನಿ ಏರಿಸಿಯೇ ಬಿಟ್ಟೆ. ಅವರಿಗೂ ಸಿಟ್ಟು ನೆತ್ತಿಗೇರಿತು. ಗಮನಕ್ಕೆ ಐದಕ್ಕೆ ಐದು ಹಾಕಿಕೊಂಡವಳು ನೀನೇ ಅಲ್ಲವಾ, ಒಂದು ಊರಿನ ಮಕ್ಕಳನ್ನು ನಿನ್ನ ಕೈಗೆ ಹೇಗೆ ಕೊಡೋದು, ಡಾಕ್ಟರು ಬರಲಿ, ನಿನ್ನನ್ನು ಮನೆಗೆ ಕಳಿಸೋದೇ ಎಂದರು. ಉಳಿದ ದಾರಿಯಲ್ಲಿ ನನ್ನ ಪಕ್ಕ ಯಾರೂ ನಡೆಯಲಿಲ್ಲ. ಕೆಲಸ ಹೋದರೆ ಅಮ್ಮನ ಮುಂದೆ ಹೇಗೆ ನಿಲ್ಲಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಡಾಕ್ಟರು ಎಂದರೆ ವಾರಕ್ಕೊಮ್ಮೆ ನಮಗೆ ಪಾಠ ಮಾಡಲು ಬರುತ್ತಿದ್ದ ಹೆಂಗಸು. ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಪಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು, ಮರುವಾರ ಒಂದು ಪುಸ್ತಕ ತಂದರು. ಪುಟದ ತುಂಬ ಬಣ್ಣದ ಚುಕ್ಕಿಗಳು. ಅದರಲ್ಲಿ ಕಾಣುವ ಅಂಕಿಯನ್ನು ಓದಬೇಕಂತೆ. ಉಳಿದವರೆಲ್ಲ ಪಟಪಟ ಓದಿದರು. ನನಗೆ ಹೆಚ್ಚಿನ ಪುಟಗಳಲ್ಲಿ ಚುಕ್ಕಿ ಬಿಟ್ಟರೆ ಬೇರೇನೂ ಕಾಣಲಿಲ್ಲ. ಕಣ್ಣು ಉಜ್ಜಿಕೊಂಡು ನೋಡಿದೆ, ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಆಗ ನಿಜವಾಗಿಯೂ ಹೆದರಿದೆ. ಎಲೆ ಹಸಿರು, ಕುಂಕುಮ ಕೆಂಪು ಎಂದು ಕೇಳಿ ಕಲಿತಿದ್ದೆನೇ ಹೊರತು, ಬೇರೆಯವರಿಗೆ ಅವು ಅಷ್ಟು ಬೇರೆಬೇರೆಯಾಗಿ ಕಾಣುತ್ತವೆಂದು ನನಗೆ ಗೊತ್ತಾಗುವುದಾದರೂ ಹೇಗೆ?

“ಹೆಣ್ಣುಮಕ್ಕಳಲ್ಲಿ ಈ ಬಣ್ಣಗುರುಡು ಅಪರೂಪ. ನಿಮ್ಮ ತಂದೆ ತಾಯಿ ಸಂಬಂಧದಲ್ಲೇ ಆಗಿದ್ದಾ?” ಎಂದು ಕೇಳಿದರು.

ಹೇಳಿದೆ. ತಂದೆಗೆ ಬಣ್ಣ ತಿಳಿಯುತ್ತದೆಯೇ ಎಂದು ಕೇಳಿದರು. ತಿಳಿಯದೆ ಏನು, ಅವರಿಗೆ ಗಮನ ಇಲ್ಲ, ಅಷ್ಟೇ ಎನ್ನಲು ಬಾಯಿ ತೆರೆದವಳು ಅಲ್ಲೇ ನಿಂತೆ. ಗಿಡದಲ್ಲೇ ಉಳಿದ ಹಣ್ಣುಗಳು, ಕಿತ್ತು ತಂದ ಕಾಯಿಗಳು ಒಟ್ಟಿಗೆ ನೆನಪಾದವು.

ಅಡುಗೆ ಪಾಠಕ್ಕೆ ತಂದಿದ್ದ ಅವರೆಕಾಳನ್ನು ಮೇಜಿನ ಮೇಲೆ ಹರಡಿ ಅವರು ತಿಳಿಸಿಕೊಟ್ಟರು. ಬಣ್ಣ ಕಾಣಿಸುವ ಕಾಳು ಹೆಣ್ಣಿಗೆ ಎರಡು, ಗಂಡಿಗೆ ಒಂದೇ. ಒಂದು ಕಾಳಿಗೆ ಉಗುರಿನಿಂದ ಗೀರು ಹಾಕಿ, ಇದು ಕೆಟ್ಟದ್ದು ಎಂದುಕೋ ಎಂದರು. ಹೆಣ್ಣಿಗೆ ಒಂದು ಕೆಟ್ಟರೂ ಇನ್ನೊಂದು ಸಂಭಾಳಿಸುತ್ತದೆ, ಅವಳಿಗೆ ಗೊತ್ತೇ ಆಗುವುದಿಲ್ಲ. ಗಂಡಿಗೆ ಇರುವ ಒಂದೇ ಕೆಟ್ಟರೆ ಮುಗಿಯಿತು. ಅಪ್ಪನ ತಾಯಿಯ ಗೀರು ಬಿದ್ದ ಕಾಳು ಅವಳ ಮಗನಾದ ಅಪ್ಪನಿಗೂ ಬಂದಿದೆ, ಮಗಳಿಗೂ, ಅಂದರೆ ಅಮ್ಮನ ತಾಯಿಯಾದ ನನ್ನ ಅಜ್ಜಿಗೂ ಬಂದಿದೆ. ಅಜ್ಜಿಯಿಂದ ಅಮ್ಮನಿಗೆ. ಅಪ್ಪ ಅಮ್ಮ ಇಬ್ಬರೂ ಅದನ್ನೇ ನನಗೆ ಕೊಟ್ಟಿದ್ದರಿಂದ ನನ್ನ ಎರಡೂ ಕಾಳಿಗೆ ಗೀರು. ನಾಳೆ ಗಂಡುಮಕ್ಕಳು ಹುಟ್ಟಿದರೆ ಅವರಿಗೂ ಹೀಗೇ, ಪ್ರಾಣಕ್ಕೇನೂ ಭಯವಿಲ್ಲ, ಗಮನವಿಲ್ಲ ಎಂದು ಅವರನ್ನು ಹೊಡೆಯಬೇಡ ಎಂದರು.

ಶಿಕ್ಷಕಿಯೂ ಕೇಳುತ್ತಾ ನಿಂತಿದ್ದರು. ಬೈದದ್ದಕ್ಕೆ ಬೇಜಾರಾಗಬೇಡ ಎಂದರು. ಆದರೂ ಮಗುವಿನ ತೋಳು ಅಳೆಯುವುದು ತಪ್ಪಬಾರದು, ನಿನಗೆ ಆಗುವ ದಾರಿ ನೀನೇ ಹುಡುಕಿಕೊಂಡು ಸೋಮವಾರ ಬಂದು ತೋರಿಸು, ತಪ್ಪಿದರೆ ನಾನೇನೂ ಮಾಡಲಾರೆ ಎಂದು ಮಾತು ಮುಗಿಸಿದರು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದೆ. ಅಮ್ಮ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು, ಅಪ್ಪ ಹಗ್ಗ ಹೊಸೆಯುತ್ತಿದ್ದ. ಅವರೆಕಾಳು ಹರಡಿಕೊಂಡು ಎಲ್ಲ ಹೇಳಿದೆ. ಅಮ್ಮನ ಮೊರ ನಿಂತುಹೋಯಿತು. ಹಾಗಾದರೆ ನನ್ನ ಕಡೆಯಿಂದಲೂ ಬಂತಾ ಎಂದು ಕೇಳಿದಳು. ಹೂಂ ಎಂದೆ. ಇಷ್ಟು ವರ್ಷ ಮಾಮನನ್ನು ಬೈದೆನಲ್ಲ ಎಂದು ತನಗೇ ಹೇಳಿಕೊಂಡಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

“ನಿಂಗೆ ಗೊತ್ತಿತ್ತಾ ಮಾಮ?”

ಅಪ್ಪ ಹಗ್ಗವನ್ನು ಕೆಳಗಿಟ್ಟ. ಚಿಕ್ಕವನಿದ್ದಾಗಲೇ ಗೊತ್ತಾಗಿತ್ತಂತೆ. ಕಣ್ಣು ಸರಿಯಿಲ್ಲ ಎಂದರೆ ಅಕ್ಕ ಮಗಳನ್ನು ಕೊಡುವಳೋ ಇಲ್ಲವೋ ಎಂದು ಹೆದರಿ, ಎಡವಟ್ಟು ಎನ್ನಿಸಿಕೊಳ್ಳುವುದೇ ವಾಸಿ ಎಂದುಕೊಂಡನಂತೆ. ಅಷ್ಟು ಹೇಳಿ ನನ್ನನ್ನು ನೋಡಿದ.

“ನೀನು ಮೊದ್ಲು ಬಿಡಿಸ್ದಾಗ್ಲೇ ಮುಟ್ಟಿ ನೋಡ್ದೆ ಕಣಮ್ಮ. ನಾನು ತಪ್ಪೋ ಕಡೇನೇ ನೀನೂ ತಪ್ತಿದ್ದೆ. ನಂದಂತೂ ಹೆಸರು ಕೆಟ್ಟಿತ್ತು, ಇನ್ನೆಷ್ಟು ಕೆಡ್ತದೆ? ನೀನು ಮದ್ವೆ ಆಗ್ಬೇಕಾದ ಹುಡ್ಗಿ.”

ಅವನು ದಾರಿಯಲ್ಲಿ ಒಂದು ಕಾಯಿಯನ್ನೂ ಬಿಡಿಸಿ ಹಾಕಿರಲಿಲ್ಲ. ಆ ಮಂಕರಿಯಲ್ಲಿದ್ದದ್ದೆಲ್ಲ ನಾನು ಕಿತ್ತದ್ದೇ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವನು ನನ್ನ ಕಾಯಿಗಳಿಗೆ ಬೈಸಿಕೊಂಡಿದ್ದ, ನಾನೂ ಸೇರಿಕೊಂಡು ಬೈದಿದ್ದೆ. ಅದಲ್ಲದೆ ಕೋಲಾರದ ಹಾಳೆಯಲ್ಲಿ ಬರೆದೂ ಕೊಟ್ಟಿದ್ದೆ. ನಾಚಿಕೆಯಿಂದ ಅತ್ತುಬಿಟ್ಟೆ. ಅಪ್ಪ ಏನು ಮಾಡಬೇಕೋ ತಿಳಿಯದೆ ಮತ್ತೆ ಹಗ್ಗ ಹೊಸೆಯತೊಡಗಿದ.

ಅಮ್ಮ ಅಳುವವಳಲ್ಲ. ಎದ್ದು ಒಳಗೆ ಹೋಗಿ ಗೋಣಿ ಹೊಲಿಯುವ ದಬ್ಬಳ ತಂದಳು. ನಾನು ತಂದಿದ್ದ ಸರಿಯಾದ ಬಣ್ಣದ ಹೊಸ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಕೆಂಪು ಮುಗಿಯುವ ಕಡೆ ಒಂದು ತೂತು ಚುಚ್ಚಿ ದಾರದ ಒಂದು ಗಂಟು ಹಾಕಿದಳು. ಹಳದಿ ಮುಗಿಯುವ ಕಡೆ ಎರಡು ಗಂಟು. ಕಣ್ಣು ಮುಚ್ಚಿಕೊಂಡು ಹೇಳು ಎಂದು ಪಕ್ಕದ ಮನೆಯ ಕೂಸಿನ ತೋಳಿನ ಮೇಲೆ ಪರೀಕ್ಷೆ ಮಾಡಿಸಿದಳು. ಸೋಮವಾರ ಶಿಕ್ಷಕಿ ಐದಾರು ಮಕ್ಕಳನ್ನು ನನ್ನ ಮುಂದೆ ಕೂರಿಸಿದರು. ಬೆರಳಿಗೆ ಗಂಟು ಸಿಕ್ಕಿದ ಹಾಗೆ ಹೇಳುತ್ತಾ ಹೋದೆ. ಒಂದೂ ತಪ್ಪಲಿಲ್ಲ, ಕೆಲಸ ಉಳಿಯಿತು. ಹಳೆಯ ಹಾಳೆಯನ್ನು ವಾಪಸ್ಸು ಕೇಳಿದೆ. ಕೊಡಲಾಗುವುದಿಲ್ಲ, ಬೇಕಿದ್ದರೆ ಹೊಸದು ತುಂಬು ಎಂದರು. ಈ ಸಲ ಗಮನಕ್ಕೆ ಮೂರು ಹಾಕಿದೆ, ಸಿಟ್ಟಿಗೆ ಎರಡು, ಕೊನೆಯ ಪ್ರಶ್ನೆಗೆ ಏನೂ ಬರೆಯಲಿಲ್ಲ.

ತರಬೇತಿ ಮುಗಿಸಿ ಬಂದ ಮೇಲೆ ಟೊಮೇಟೊ ಬಿಡಿಸುವ ದಿನ ಬಂತು. ನೀನು ಮನೆಯಲ್ಲಿರು ಎಂದಳು ಅಮ್ಮ. ನಾನು ಕೇಳಲಿಲ್ಲ, ಹಟ ಮಾಡಿ ಸಾಲಿಗೆ ಇಳಿದೆ. ಹೆಬ್ಬೆರಳಿನಿಂದ ಒತ್ತಿ ನೋಡಿ, ಮೂಸಿ ನೋಡಿ ಬಿಡಿಸಿದೆ. ಸಾಲಿನ ಕೊನೆಯಲ್ಲಿ ಅಪ್ಪ ಟವೆಲ್ ಸುತ್ತಿಕೊಂಡು ಕಾದಿದ್ದ. ಮಂಕರಿ ಹೊತ್ತು ಬಾವಿಯ ಬಳಿ ಇಳಿಸಿದ. ಅಮ್ಮ ಸುರಿದಳು. ಅಷ್ಟು ಒತ್ತಿ ಮೂಸಿದರೂ ಏಳೆಂಟು ಹಸಿರು ಕಾಯಿ ಉರುಳಿದವು. ಕೂಲಿ ಹೆಂಗಸರು ಸೆರಗು ಬಾಯಿಗೆ ತಂದುಕೊಂಡು ಅಪ್ಪನ ಕಡೆ ನೋಡಿದರು. ಅಪ್ಪ ಬಾಯಿ ತೆರೆದ.

“ಅವು ನನ್ನವು,” ಎಂದೆ ನಾನು. “ಯಾವತ್ತೂ ನನ್ನವೇ.”

ಅಪ್ಪ ತೆರೆದ ಬಾಯಿ ಮುಚ್ಚಿಕೊಂಡು ಸಿಂಬೆ ಬಿಚ್ಚಿ ಮುಖ ಒರೆಸಿಕೊಂಡ. ಅಮ್ಮ ಕಾಯಿಗಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಂಡಳು. ಬೈಯಲಿಲ್ಲ. ಸಾಯಂಕಾಲ ಅವನ್ನೇ ಗೊಜ್ಜು ಮಾಡಿ ಮುದ್ದೆಯ ಜೊತೆ ಇಬ್ಬರಿಗೂ ಒಟ್ಟಿಗೆ ಬಡಿಸಿದಳು. ಅಪ್ಪ ಎರಡು ಸಲ ಹಾಕಿಸಿಕೊಂಡ.