ನೇತ್ರಾಣಿಯಿಂದ ಘಟ್ಟ ಹತ್ತುವವರೆಗೆ

ಶುಕ್ರವಾರ ಸಂಜೆ ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆಯ ಬಸ್ಸು ಹೊರಡುವ ಹೊತ್ತಿಗೆ ನನ್ನ ನಾದಿನಿ ಶಾರದಾ ಡೈವ್ ಕಂಪ್ಯೂಟರನ್ನು ಆಗಲೇ ಎಡಗೈಗೆ ಕಟ್ಟಿಕೊಂಡಿದ್ದಳು. ಸಮುದ್ರ ಇನ್ನೂ ನಾನೂರೈವತ್ತು ಕಿಲೋಮೀಟರಿನಷ್ಟು ದೂರವಿತ್ತು. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಊರಿಗೆ ಹೊರಟಿದ್ದ ಹೆಂಗಸೊಬ್ಬಳು ಹಿಂದಿನ ಸೀಟಿನಿಂದ ಬಗ್ಗಿ, "ಏನಕ್ಕಾ ಅದು, ಬಿ.ಪಿ. ನೋಡೋ ಮಿಷನ್ನಾ?" ಎಂದಳು.

"ಹೂಂ ಕಣಮ್ಮ, ಸಮುದ್ರದ ಬಿ.ಪಿ. ನೋಡೋಕೆ ಹೋಗ್ತಿದ್ದೀವಿ," ಎಂದು ಶಾರದಾ ನಕ್ಕಳು.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಶಾರದಾ ನನ್ನ ಯಜಮಾನರ ತಂಗಿ, ಊರಲ್ಲಿ ಪವರ್‌ಲೂಮ್ ಶೆಡ್ಡು ನಡೆಸುತ್ತಾಳೆ. ಇಬ್ಬರೂ ತೂಬಗೆರೆ ಕಡೆಯ ತೋಟದ ಬಾವಿಗಳಲ್ಲಿ ಈಜು ಕಲಿತವರು. ಕಳೆದ ಚಳಿಗಾಲ ಮುರುಡೇಶ್ವರಕ್ಕೆ ಹೋದಾಗ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದನ್ನು ಕಲಿತು, ಪರೀಕ್ಷೆ ಪಾಸು ಮಾಡಿ ಬಂದೆವು. ಆಗ ಕೈಗೆ ಕಟ್ಟಿದ್ದು ಬಾಡಿಗೆಯ ಕಂಪ್ಯೂಟರ್. ಈ ಸಲ ನಮ್ಮದೇ ಇರಲಿ ಎಂದು ತೀರ್ಮಾನವಾಯಿತು.

ಅದನ್ನು ಆರಿಸಲು ಬೆಂಗಳೂರಿನ ಅಂಗಡಿಯಲ್ಲಿ ಅರ್ಧ ದಿನ ಕಳೆದಿದ್ದೆವು. ನೋಡಲು ದಪ್ಪ ಕೈಗಡಿಯಾರ. ಎಷ್ಟು ಆಳದಲ್ಲಿದ್ದೇವೆ, ಆ ಆಳದಲ್ಲಿ ಇನ್ನೆಷ್ಟು ನಿಮಿಷ ಇರಬಹುದು ಎಂಬುದನ್ನು ತೋರಿಸುತ್ತದೆ. ನೀರಿನ ಒತ್ತಡದಲ್ಲಿ ಉಸಿರಾಡುವಾಗ ಗಾಳಿಯಲ್ಲಿರುವ ಸಾರಜನಕ ರಕ್ತದಲ್ಲಿ ಕರಗುತ್ತದೆ. ಹೆಚ್ಚು ಹೊತ್ತು ಇದ್ದು ಅವಸರದಲ್ಲಿ ಮೇಲೆ ಬಂದರೆ ಅದು ಗುಳ್ಳೆಯಾಗಿ ಕೀಲಿಗೋ ನರಕ್ಕೋ ಹೊಡೆಯುತ್ತದೆ. ಬಣ್ಣದ ಪರದೆಯವು, ದಿಕ್ಕು ತೋರಿಸುವವು ಎಲ್ಲವನ್ನೂ ಪಕ್ಕಕ್ಕಿಟ್ಟು, ಕನ್ನಡಕವಿಲ್ಲದೆ ಓದಬಹುದಾದಷ್ಟು ದೊಡ್ಡ ಅಂಕಿಯ ಮಾದರಿಯನ್ನು ಇಬ್ಬರೂ ತೆಗೆದುಕೊಂಡೆವು. ಒಂದೇ ಮಾದರಿಯಾದರೆ ಒಬ್ಬರದ್ದನ್ನು ಇನ್ನೊಬ್ಬರು ಓದಬಹುದು.

ಜಗಳ ಶುರುವಾಗಿದ್ದು ಆಮೇಲೆ. ಅದರಲ್ಲಿ ಎಚ್ಚರಿಕೆಯ ಮಟ್ಟವನ್ನು ನಾವೇ ಇಡಬೇಕು: ಸಡಿಲ, ಮಧ್ಯಮ, ಬಿಗಿ. ಬಿಗಿ ಇಟ್ಟರೆ ನಿಮಿಷಗಳು ಬೇಗ ಮುಗಿಯುತ್ತವೆ. ಅರವತ್ತು ದಾಟಿದವಳು ನಾನು, ಬಿಗಿಗೇ ಇಟ್ಟೆ. ಶಾರದಾ ಸಡಿಲಕ್ಕೆ ಇಟ್ಟಳು.

"ಮಗ್ಗದಲ್ಲಿ ಎಳೆ ಬಿಗಿ ಜಾಸ್ತಿ ಆದ್ರೆ ಪಟ್ ಅಂತ ಕಿತ್ತೋಗುತ್ತೆ ಅತ್ತಿಗೆ."

"ನೀನು ಎಳೆ ಅಲ್ಲ, ಐವತ್ನಾಲ್ಕು ವರ್ಷದ ಹೆಂಗಸು," ಎಂದೆ. ನೀರಿಗೆ ಜೋಡಿಯಾಗಿ ಇಳಿದಾಗ ಇಬ್ಬರೂ ಬಿಗಿಯಾದ ಕಂಪ್ಯೂಟರಿನ ಮಾತನ್ನೇ ಕೇಳಬೇಕೆಂಬುದು ನಿಯಮ. ಅದಕ್ಕೆ ಅವಳು ಗೊಣಗುತ್ತಲೇ ಒಪ್ಪಿದ್ದಳು.

ವೇಳಾಪಟ್ಟಿ ನನ್ನದು. ಶನಿವಾರ ವಿಶ್ರಾಂತಿ, ಭಾನುವಾರ ಬೆಳಿಗ್ಗೆ ನೇತ್ರಾಣಿ ದ್ವೀಪದ ಬಳಿ ಎರಡು ಸಲ ನೀರಿಗಿಳಿಯುವುದು, ಸಂಜೆ ಆರರ ಬಸ್ಸು, ಸೋಮವಾರ ಬೆಳಿಗ್ಗೆ ಮನೆ. ಮನೆ ಸೇರಲೇಬೇಕಿತ್ತು. ಅಂದು ಹನ್ನೊಂದಕ್ಕೆ ಹೊಸಕೋಟೆಯಿಂದ ಗಂಡಿನವರು ಶಾರದಾಳ ಮಗಳು ಕಾವ್ಯಳನ್ನು ನೋಡಲು ಬರುವವರಿದ್ದರು. ಎರಡು ಸಂಬಂಧ ಕೈತಪ್ಪಿದ ಮೇಲೆ ಬಂದದ್ದು ಇದು. ಹುಡುಗ, ಹುಡುಗಿ ಫೋನಿನಲ್ಲಿ ಮಾತಾಡಿ ಮೆಚ್ಚಿಕೊಂಡೂ ಇದ್ದರು. ಹೊಸಕೋಟೆಯವರಿಗೆ ನಾವು ದೇವರ ದರ್ಶನಕ್ಕೆ ಹೋಗುತ್ತೇವೆಂದಷ್ಟೇ ಶಾರದಾ ಹೇಳಿದ್ದಳು.

ದಾಬಸ್‌ಪೇಟೆಯಲ್ಲಿ ಬಸ್ಸು ಬದಲಿಸಿ, ಶನಿವಾರ ಬೆಳಿಗ್ಗೆ ಮುರುಡೇಶ್ವರದಲ್ಲಿ ಇಳಿದಾಗ ಗಾಳಿ ಅಂಟಂಟಾಗಿತ್ತು. ಹೋಟೆಲಿನಲ್ಲಿ ಬಿಸಿ ಬನ್ಸ್ ತಿಂದೆವು. "ಇದು ಬನ್ನೋ ಪೂರಿಯೋ ಮೊದ್ಲು ತೀರ್ಮಾನ ಮಾಡ್ಲಿ," ಎನ್ನುತ್ತಲೇ ಶಾರದಾ ಮೂರು ಮುಗಿಸಿದಳು. ದರ್ಶನವನ್ನೂ ಮಾಡಿದೆವು, ಹೇಳಿದ ಮಾತು ಸುಳ್ಳಾಗಬಾರದಲ್ಲ.

ಭಾನುವಾರ ಬೆಳಕು ಹರಿದಾಗ ದೋಣಿ ಹೊರಟಿತು. ಒಂದೂವರೆ ಗಂಟೆ ಅಲೆಯ ಮೇಲೆ ಕುಲುಕಿದ ಮೇಲೆ ನೇತ್ರಾಣಿ ಹಸಿರು ಗುಡ್ಡೆಯಾಗಿ ಎದ್ದು ನಿಂತಿತು. ಕಳೆದ ಸಲ ಕಲಿಸಿದ್ದ ದಯಾನಂದ ಎಂಬ ಸ್ಥಳೀಯರೇ ಈ ಸಲವೂ ಜೊತೆಗಿದ್ದರು. ಮುಖವಾಡ ಒತ್ತಿ ಹಿಡಿದು ಹಿಂದಕ್ಕೆ ಉರುಳಿದೆ. ಕಿವಿ ತುಂಬ ಗುಳುಗುಳು ಸದ್ದು, ಆಮೇಲೆ ನನ್ನ ಉಸಿರು ಮಾತ್ರ. ಬಂಡೆಯ ಇಳಿಜಾರಿನಲ್ಲಿ ಗಿಳಿಬಣ್ಣದ ಮೀನುಗಳು ಹವಳವನ್ನು ಕಟಕಟ ಕಡಿಯುವುದು ಕೇಳಿಸುತ್ತಿತ್ತು. ಹುಡುಗಿಯರಂತೆ ಇಬ್ಬರೂ ಕೈಬೀಸಿ ಒಬ್ಬರಿಗೊಬ್ಬರು ತೋರಿಸಿಕೊಂಡೆವು. ನನ್ನ ನಿಮಿಷಗಳು ಮೊದಲು ಕರಗಿದವು. ಮೇಲೆ ಹೋಗೋಣವೆಂದು ಹೆಬ್ಬೆರಳು ಎತ್ತಿ ಸನ್ನೆ ಮಾಡಿದೆ. ಶಾರದಾ ಕಣ್ಣು ಕೆಂಪಗೆ ಮಾಡಿದಳು, ಆದರೆ ಜೊತೆಗೇ ಮೇಲೆ ಬಂದಳು.

ದೋಣಿಯಲ್ಲಿ ಕಲ್ಲಂಗಡಿ ತಿನ್ನುತ್ತಾ ಕುಳಿತಾಗ ಅವಳು ಕೈ ಚಾಚಿದಳು. "ಅತ್ತಿಗೆ, ಇದ್ರಲ್ಲಿ ವಿಮಾನ ಬಂದೈತೆ ನೋಡಿ. ನಾವು ದೇವನಹಳ್ಳಿ ಕಡೆಯವರು ಅಂತ ಗೊತ್ತಾಗ್ಬಿಡ್ತೇನೋ ಇದಕ್ಕೆ!"

ಪರದೆಯ ಮೂಲೆಯಲ್ಲಿ ಪುಟ್ಟ ವಿಮಾನದ ಗುರುತು, ಪಕ್ಕದಲ್ಲಿ ವಿಮಾನ ಹತ್ತುವ ಮುನ್ನ ಕಾಯಬೇಕಾದ ಗಂಟೆಗಳು. ನಾವೇನೂ ವಿಮಾನ ಹತ್ತುವವರಲ್ಲವಲ್ಲ ಎಂದೆ. ದಯಾನಂದ ತಿರುಗಿ ನೋಡಿದರು.

"ಇವತ್ತೇ ಹೊರಡುದಿಲ್ಲ ಅಲ್ವಾ ಅಮ್ಮ?"

"ಆರು ಗಂಟೆ ಬಸ್ಸು."

"ನಮ್ಮ ಆಫೀಸಲ್ಲಿ ಕೇಳ್ಲಿಲ್ವಾ ನಿಮ್ಮನ್ನ?"

"ವಿಮಾನದಲ್ಲಿ ಹೋಗ್ತೀರಾ ಅಂತ ಕೇಳಿದ್ರು. ಇಲ್ಲ ಅಂದ್ವಿ."

ಅವರು ಹಣ್ಣಿನ ಹೋಳನ್ನು ಕೆಳಗಿಟ್ಟರು. "ನಿಮ್ಮೂರು ಘಟ್ಟದ ಮೇಲಲ್ವಾ? ವಿಮಾನ ಹತ್ತಿದ್ರೂ ಘಟ್ಟ ಹತ್ತಿದ್ರೂ ಗಾಳಿಯ ಒತ್ತಡ ಕಡ್ಮೆ ಆಗ್ತದೆ. ಮೈಯಲ್ಲಿ ಉಳಿದ ಸಾರಜನಕ ಗುಳ್ಳೆ ಏಳ್ಬಹುದು. ಘಟ್ಟ ಹತ್ತಲಿಕ್ಕೂ ಇದೇ ಲೆಕ್ಕ ಹಿಡೀರಿ."

ಎತ್ತರದ ಪ್ರದೇಶಕ್ಕೆ ತಕ್ಷಣ ಹೋಗಬಾರದು ಎಂಬ ವಾಕ್ಯವನ್ನು ಪರೀಕ್ಷೆಗೆ ಓದಿದ್ದೆ. ಆಗ ನನ್ನ ಕಣ್ಣಿಗೆ ಬಂದದ್ದು ಹಿಮಾಲಯ. ನಮ್ಮದು ಬಯಲುಸೀಮೆ. ಎತ್ತರವೆಂದರೆ ನಮಗೆ ಮಾಕಳಿದುರ್ಗದ ಬೆಟ್ಟ, ಅದರ ಬುಡದಲ್ಲಿರುವ ನಾವು ತಗ್ಗಿನಲ್ಲಿರುವವರು. ಆದರೆ ಆ ಬಯಲು ಸಮುದ್ರದಿಂದ ಸುಮಾರು ಒಂಬೈನೂರು ಮೀಟರ್ ಮೇಲಿದೆ. ಕಳೆದ ಸಲ ಕಲಿತು ಮುಗಿದ ಮೇಲೆ ಗೋಕರ್ಣ ಸುತ್ತಿಕೊಂಡು ಎರಡು ದಿನ ಬಿಟ್ಟು ಹೊರಟಿದ್ದರಿಂದ ಈ ಪ್ರಶ್ನೆ ಏಳಲೇ ಇಲ್ಲ.

ಶಾರದಾ ಲೆಕ್ಕ ಹಾಕಿದಳು. ಅವಳ ಕಂಪ್ಯೂಟರ್ ಪ್ರಕಾರ ರಾತ್ರಿ ಹತ್ತಕ್ಕೆ ಬಿಡುಗಡೆ, ನನ್ನದರ ಪ್ರಕಾರ ಬೆಳಗಿನ ಜಾವ. "ಹತ್ತೂವರೆಗೆ ಇನ್ನೊಂದು ಬಸ್ಸೈತೆ. ಎರಡನೇ ಸಲ ಇಳಿಯೋದು ಬಿಟ್ಬಿಡೋಣ. ಒಂಬತ್ತಕ್ಕೆ ಮನೇಲಿರ್ತೀವಿ."

"ನನ್ನದು ಬೇಡ ಅನ್ನುತ್ತೆ."

"ನಿಮ್ಮದನ್ನ ಬಿಗಿ ಮಾಡಿದ್ದು ನೀವೇ! ಸಡಿಲಕ್ಕೆ ಇಟ್ಕೊಳ್ಳಿ, ಆಯ್ತು."

"ಥರ್ಮಾಮೀಟರ್ ಬದಲಾಯಿಸಿದ್ರೆ ಜ್ವರ ಇಳಿಯುತ್ತೇನೇ?"

"ಹಂಗಾದ್ರೆ ನೀವು ಉಳ್ಕೊಳ್ಳಿ, ನಾನು ಹೋಗ್ತೀನಿ. ಮಗಳ ಬದುಕು ಅತ್ತಿಗೆ. ಹುಡುಗಿ ತಾಯೇ ಮನೇಲಿಲ್ಲ ಅಂದ್ರೆ ಏನಂದ್ಕೊಳ್ತಾರೆ?" ಅವಳ ಧ್ವನಿಯಲ್ಲಿ ನಗು ಇರಲಿಲ್ಲ.

ಇಬ್ಬರದ್ದರಲ್ಲಿ ಯಾವುದು ಸರಿ ಎಂದು ದಯಾನಂದರನ್ನು ಕೇಳಿದೆ. ಅವರು ತಲೆಯಾಡಿಸಿದರು. "ನಿಮ್ಮ ರಕ್ತದೊಳಗೆ ಏನಾಗ್ತಿದೆ ಅಂತ ಎರಡಕ್ಕೂ ಗೊತ್ತಿಲ್ಲ ಅಮ್ಮ. ಎರಡೂ ಲೆಕ್ಕ ಹಾಕ್ತವೆ, ಅಷ್ಟೇ. ಹತ್ತೂವರೆ ಬಸ್ಸಲ್ಲಿ ಹೋದ್ರೆ ಹೆಚ್ಚಾಗಿ ಏನೂ ಆಗ್ಲಿಕ್ಕಿಲ್ಲ. ಆದ್ರೆ ನಾನಾದ್ರೆ ಹೋಗುದಿಲ್ಲ."

ನಾನು ಶಾರದಾಳ ಪಕ್ಕಕ್ಕೆ ಸರಿದು ಕುಳಿತೆ. "ನಾವಿಬ್ರೂ ಇಳಿದಿದ್ದು ಒಂದೇ ಆಳಕ್ಕೆ, ಒಂದೇ ಹೊತ್ತು. ಘಟ್ಟದ ಮಧ್ಯೆ ನಿನಗೆ ಕಾಲು ಮರಗಟ್ಟಿದ್ರೆ ಬಸ್ಸಲ್ಲಿ ಯಾರಿಗೆ ಗೊತ್ತಾಗುತ್ತೆ? ಕಾವ್ಯನ ನೋಡೋಕೆ ಬಂದೋರು ನಿನ್ನನ್ನ ನೋಡೋಕೆ ಆಸ್ಪತ್ರೆಗೆ ಬರ್ಬೇಕಾ?"

ಅವಳು ಫೋನ್ ತೆಗೆದುಕೊಂಡು ದೋಣಿಯ ಮುಂಭಾಗಕ್ಕೆ ಹೋದಳು. ಅಲ್ಲಿ ಮಾತ್ರ ಒಂದು ಕಡ್ಡಿ ಸಿಗ್ನಲ್ ಸಿಗುತ್ತಿತ್ತು. ಹೊಸಕೋಟೆಯ ಹುಡುಗನ ತಾಯಿಯ ಧ್ವನಿ ಸ್ಪೀಕರಿನಲ್ಲಿ ಕೇಳಿಸಿತು.

"ಅಕ್ಕಾ, ನಾಳೆ ನಾವು ಮನೇಲಿರಲ್ಲ," ಎಂದಳು ಶಾರದಾ. "ಸಮುದ್ರದೊಳಗೆ ಇಳಿದಿದ್ವಿ. ಈಗ್ಲೇ ಘಟ್ಟ ಹತ್ತೋ ಹಂಗಿಲ್ಲ."

"ದೇವಸ್ಥಾನಕ್ಕೆ ಅಂದಿದ್ರಿ?"

"ಅದೂ ಆಯ್ತು. ಬೇರೆ ದಿನ ಬರ್ತೀರಾ?"

"ಮನೇಲಿ ಕೇಳಿ ಹೇಳ್ತೀವಮ್ಮ." ಫೋನ್ ಕಟ್ಟಾಯಿತು. ಹೆಣ್ಣು ಹೆತ್ತವರಿಗೆ ಆ ಮಾತಿನ ಅರ್ಥ ಗೊತ್ತು. ಶಾರದಾ ಬಂದು ಸಿಲಿಂಡರಿನ ಪಟ್ಟಿ ಎಳೆದುಕೊಂಡಳು. "ಹೆಂಗಿದ್ರೂ ಉಳಿದಾಯ್ತು. ನಡೀರಿ, ಇಳಿಯೋಣ."

ಆ ಎರಡನೇ ಸಲವನ್ನು ನಾನು ಬದುಕಿರುವವರೆಗೂ ಮರೆಯಲಾರೆ. ಆಳದಲ್ಲಿ ನನ್ನ ನಿಮಿಷಗಳು ಮತ್ತೆ ಬೇಗ ಕರಗತೊಡಗಿದವು. ಈ ಸಲ ಮುಗಿಯಲು ಬಿಡದೆ, ಬಂಡೆಗುಂಟ ಐದಾರು ಮೀಟರ್ ಮೇಲಕ್ಕೆ ಸರಿದೆವು. ಮೇಲೇರಿದಂತೆ ಪರದೆಯ ನಿಮಿಷಗಳು ಬೆಳೆದವು, ಆಳದಲ್ಲಿ ಕೊಡದ ಸಮಯವನ್ನು ಕಂಪ್ಯೂಟರ್ ಇಲ್ಲಿ ಧಾರಾಳವಾಗಿ ಕೊಟ್ಟಿತು. ಬೆಳಕು ಅಲುಗುವ ಆ ತಿಳಿನೀರಿನ ಬಂಡೆಯ ಚಾಚಿನ ಮೇಲೆ ಆಮೆಯೊಂದು ಕುಳಿತಿತ್ತು. ನಮ್ಮನ್ನು ನೋಡಿ, ಅವಸರವಿಲ್ಲದೆ ಎದ್ದು, ಶಾರದಾಳ ಮುಖದ ಮುಂದೆಯೇ ಹಾದುಹೋಯಿತು. ಅವಳು ಉಸಿರಾಟದ ನಳಿಕೆಯೊಳಗೇ ಕೂಗಿದ್ದು ನನಗೆ ಕೇಳಿಸಿತು.

ಸಂಜೆ ಹೊಸಕೋಟೆಯಿಂದ ಫೋನ್ ಬರಲಿಲ್ಲ. ಊಟಕ್ಕೆ ಗಂಜಿ, ಉಪ್ಪಿನಕಾಯಿ ಸಾಕೆಂದಳು ಶಾರದಾ. ಎರಡನೇ ಸಲ ಇಳಿದದ್ದರಿಂದ ಕಾಯುವ ಗಂಟೆಗಳು ಹೆಚ್ಚಾಗಿದ್ದವು. ಸೋಮವಾರ ಹನ್ನೊಂದಕ್ಕೆ ಅವಳು ಕೋಣೆಯ ಕಿಟಕಿಯ ಬಳಿ ಸುಮ್ಮನೆ ನಿಂತಿದ್ದಳು. ಮಧ್ಯಾಹ್ನ ಇಬ್ಬರ ಕೈಯಿಂದಲೂ ವಿಮಾನ ಅಳಿಸಿಹೋದದ್ದನ್ನು ಖಾತ್ರಿ ಮಾಡಿಕೊಂಡೇ ಘಟ್ಟದ ಮೇಲಿನ ಸಾಗರ ಪಟ್ಟಣದ ಬಸ್ಸು ಹತ್ತಿದೆವು.

ಘಟ್ಟದ ತಿರುವುಗಳಲ್ಲಿ ಕಿವಿ ಗುಂಯ್ ಎಂದಿತು. ಕೀಲು ನೋವಿಲ್ಲ, ಮರಗಟ್ಟಿದ್ದಿಲ್ಲ. ಅರ್ಧ ಹತ್ತಿದ್ದೆವು, ಶಾರದಾಳ ಫೋನ್ ಬಡಿದುಕೊಂಡಿತು. ಹೊಸಕೋಟೆ. ಅವಳು ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು.

"ಗುರುವಾರ ಬರ್ತೀವಮ್ಮ," ಎಂದರು ಹುಡುಗನ ತಾಯಿ. "ನಮ್ಮ ಓರಗಿತ್ತಿ ಬೇಡ ಅಂದ್ಲು. ಇಂಥ ಬೀಗಿತ್ತಿ ಎಲ್ಲಿ ಸಿಕ್ತಾಳೆ ಅಂದೆ. ಆದ್ರೆ ಒಂದು ಮಾತು, ನಮ್ಮ ಹುಡುಗನಿಗೆ ನೀರು ಅಂದ್ರೆ ಭಯ. ನಿಮ್ಮ ಹುಡುಗಿ ಅವನನ್ನ ಸಮುದ್ರಕ್ಕೆ ತಳ್ಳಬಾರದು."

"ಕಾವ್ಯನಿಗೂ ಭಯಾನೇ ಅಕ್ಕಾ! ಇಬ್ಬರನ್ನೂ ದಡದಲ್ಲಿ ಕೂರಿಸೋಣ. ನೀವು ಬನ್ನಿ ನಮ್ಮ ಜೊತೆ."

"ಬಂದೇ ಬರ್ತೀನಿ," ಎಂಬ ನಗು ಫೋನಿನಿಂದಾಚೆ ಚೆಲ್ಲಿತು. ಮುಂದಿನ ಸೀಟಿನವರೂ ತಿರುಗಿ ನೋಡಿದರು. ಶಾರದಾ ಕಣ್ಣೊರೆಸಿಕೊಂಡು ಕಿಟಕಿಯ ಗಾಜು ಸರಿಸಿದಳು. ತಿರುವಿನಲ್ಲಿ ಮರಗಳ ನಡುವೆ ಒಮ್ಮೆ ಮಾತ್ರ ಸಮುದ್ರದ ಬೆಳ್ಳಿಗೆರೆ ಕಂಡಿತು, ನಮಗಿಂತ ಬಹಳ ಕೆಳಗೆ.