ಹತ್ತಕ್ಕೆ ಎಂಟು

ಭವ್ಯಾ, ನಿನ್ನ ಹೆಸರಿನಲ್ಲಿ ನಾನು ಇಪ್ಪತ್ತೊಂಬತ್ತು ದಿನ ಸುಳ್ಳು ಬರೆದೆ. ಗೊತ್ತಿದ್ದೇ ಬರೆದೆ.

ನಿನಗಾಗ ಒಂಬತ್ತು ವರ್ಷ, ನಿನ್ನ ಅಕ್ಕ ನಾನು ಪಿಯುಸಿಯಲ್ಲಿದ್ದೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಮುಚ್ಚಿದ ಕೋಣೆಯೊಳಗೆ ಒತ್ತಡದಲ್ಲಿ ಆಮ್ಲಜನಕ ಕೊಟ್ಟರೆ ಬುದ್ಧಿ ಚುರುಕಾಗುತ್ತದೆ ಎಂದು ಯಾರೋ ಹೇಳಿದರು. ಅವ್ವ ನಿನ್ನನ್ನು ಸೊಂಟಕ್ಕೇರಿಸಿಕೊಂಡು ದಿನಾ ದೇವಸಮುದ್ರದಿಂದ ಚಳ್ಳಕೆರೆಗೆ ಹೊರಟಳು. ನಲವತ್ತು ದಿನದ ಚಿಕಿತ್ಸೆ.

"ಗಾಳಿ ಕುಡ್ಸಾಕೆ ಚಳ್ಳಕೆರೆಗಂಟ ಹೋಗ್ಬೇಕೇನವ್ವಾ? ನಮ್ಮ ಕಡೆ ಗಾಳಿಗೂ ಬರ ಬಂದೈತಾ?" ಎಂದು ಬಸ್ಸಿನ ಕಂಡಕ್ಟರ್ ನಗಾಡಿದ.

"ಇದು ಬುದ್ಧಿ ಬರೋ ಗಾಳಿ ಕಣಪ್ಪಾ, ನೀನೂ ಒಂದಿನ ಬಾ" ಎಂದಳು ಅವ್ವ. ಇಡೀ ಬಸ್ಸು ನಕ್ಕಿತು. ನೀನೂ ನಕ್ಕೆ.

ಚಿಕಿತ್ಸೆ ಕೊಡುವವರು ಮನೆಯಲ್ಲಿ ದಿನಾ ಪರೀಕ್ಷೆ ಮಾಡಿ ಬರೆದಿಡಲು ಹೇಳಿದ್ದರು. ಆ ಕೆಲಸ ನನ್ನದಾಯಿತು. ನಾಲ್ಕು ಚಿತ್ರ ಹರವಿ ಒಂದರ ಹೆಸರು ಹೇಳಿದರೆ, ಮಾತು ಬಾರದ ನೀನು ಕಣ್ಣಲ್ಲೇ ಅದನ್ನು ತೋರಿಸಬೇಕು — ಹೀಗೆ ಹತ್ತು ಸಲ. ಮೊದಲ ದಿನ ಮೂರು ಸರಿ. ಹತ್ತನೆಯ ದಿನ ಏಳು. ಹನ್ನೊಂದನೆಯ ದಿನ ಎಂಟು. ಅವ್ವ ನೋಟ್‌ಬುಕ್ಕನ್ನು ದೇವರ ಪಟದ ಮುಂದಿಟ್ಟಳು.

ಹನ್ನೆರಡನೆಯ ದಿನ ನನಗೇಕೋ ಅನುಮಾನ. ಕಣ್ಣು ಮುಚ್ಚಿಕೊಂಡು ಹೆಸರು ಹೇಳಿ, ಆಮೇಲೆ ಕಣ್ಣು ತೆರೆದು ನಿನ್ನ ನೋಟ ಎಲ್ಲಿದೆ ಎಂದು ನೋಡಿದೆ. ಹತ್ತಕ್ಕೆ ಮೂರು. ಮತ್ತೆ ಮಾಡಿದೆ — ಎರಡು. ನೀನು ಚಿತ್ರ ನೋಡುತ್ತಲೇ ಇರಲಿಲ್ಲ, ಭವ್ಯಾ. ಇಷ್ಟು ದಿನ ಸರಿಯಾದ ಚಿತ್ರದ ಕಡೆ ನನ್ನ ಕಣ್ಣು ಹೋಗುತ್ತಿತ್ತು. ನೀನು ನನ್ನ ಕಣ್ಣನ್ನು ಹಿಂಬಾಲಿಸುತ್ತಿದ್ದೆ. ಅದೂ ಒಂದು ಬುದ್ಧಿಯೇ — ಅದನ್ನಾದರೂ ಬರೆಯಬಹುದಿತ್ತು. ಎಂಟು ಎಂದೇ ಬರೆದೆ. ಕೊನೆಯ ದಿನದವರೆಗೂ. "ಇಷ್ಟು ನೀಟಾಗಿ ಯಾರೂ ಬರ್ಕೊಂಡ್ ಬರಲ್ಲ" ಎಂದು ಅಲ್ಲಿಯವರು ಹೊಗಳಿದ್ದರು. ಆ ಹೊಗಳಿಕೆ ನನಗೆ ಬೇಕಿತ್ತು...

ಆ ಎಂಟನ್ನು ನಂಬಿ ಅವ್ವ ಮೊಳಕಾಲ್ಮೂರಿನ ವ್ಯಾಯಾಮ ಬಿಡಿಸಿದಳು. ವಾರಕ್ಕೆರಡು ಸಲ ಅಲ್ಲಿ ನಿನ್ನ ಕಾಲು ನೀವಿ, ಚಾಚಿಸಿ, ನಿಲ್ಲಿಸುತ್ತಿದ್ದರು. "ಬುದ್ಧಿ ಬಂದ್ಮ್ಯಾಲೆ ಕಾಲು ತಾವೇ ಬರ್ತಾವೆ ಬಿಡು" ಎಂದಳು. ಮಂಚ ಹಿಡಿದು, ನಾನು ಇಪ್ಪತ್ತು ಎಣಿಸುವವರೆಗೆ ನಿಲ್ಲುತ್ತಿದ್ದವಳು ನೀನು. ನಲವತ್ತು ದಿನ ಮುಗಿಯುವ ಹೊತ್ತಿಗೆ ಹನ್ನೊಂದು; ದೀಪಾವಳಿಗೆ ನಾಲ್ಕು. ಈಗ ಮಡಚಿದ ಮಂಡಿ ಬಿಚ್ಚುವುದೇ ಇಲ್ಲ. ಇವೂ ನಾನೇ ಬರೆದಿಟ್ಟ ಲೆಕ್ಕ — ಇವು ನಿಜ.

ಆ ದೀಪಾವಳಿಯ ನಂತರ ಶಾಲೆಯಿಂದ ಟೀಚರ್ ಒಬ್ಬರು ನಿನ್ನನ್ನು ನೋಡಲು ಬಂದರು. ಚಿತ್ರಗಳನ್ನು ಅವರೇ ಹರವಿದರು. ಕೇಳುವಾಗ ಅವರ ಕಣ್ಣು ಕೈಯಲ್ಲಿದ್ದ ಹಾಳೆಯ ಮೇಲಿತ್ತು. ಹತ್ತಕ್ಕೆ ಎರಡು.

"ಎಲ್ಲಾ ಗೊತ್ತೈತ್ರಿ ಮೇಡಂ, ಬೇಕಂತ್ಲೇ ಆಟ ಆಡ್ತಾಳೆ" ಎಂದು ಅವ್ವ ನಿನ್ನ ಕೆನ್ನೆಗೆ ಹೊಡೆದಳು. ನೀನು ಅವಳ ಕಡೆ ನೋಡಲಿಲ್ಲ. ನನ್ನ ಮುಖ ಹುಡುಕಿದೆ — ಉತ್ತರಕ್ಕಾಗಿ. ನಾನು ನೆಲ ನೋಡಿದೆ.

ಮೂರು ವರ್ಷವಾಯಿತು. ಇವತ್ತು ಬೆಳಿಗ್ಗೆ ಅವ್ವನಿಗೆ ಎಲ್ಲವನ್ನೂ ಹೇಳಿದೆ. ರೊಟ್ಟಿ ತಟ್ಟುತ್ತಿದ್ದ ಕೈ ನಿಂತಿತು.

"ನಾನು ಹೊಡ್ದಾಗ್ಲೂ ನಿಂಗೆ ಗೊತ್ತಿತ್ತಾ?"

ಹೂಂ ಎಂದೆ.

"ನನ್ ಮುಂದೆ ಅಳ್ಬ್ಯಾಡ. ಹೋಗು, ಅವ್ಳಿಗೆ ಹೇಳು."

ಅದಕ್ಕೇ ಇದನ್ನು ನಿನ್ನ ಪಕ್ಕ ಕೂತು ಓದುತ್ತಿದ್ದೇನೆ. ಕ್ಷಮಿಸು ಎಂದು ಮಾತ್ರ ಕೇಳಲಾರೆ — ಆಗಲ್ಲ ಎನ್ನಲು ಮಾತೇ ಇಲ್ಲದವಳ ಹತ್ತಿರ ಅದನ್ನು ಕೇಳುವುದು ಇನ್ನೊಂದು ಮೋಸ.